ಹುಳದ ಔಷಧಿಗೆ ಮೊದಲು ಹಿಕ್ಕೆ ಪರೀಕ್ಷೆಯಾಗಲಿ

ಸಂಪಾದಕರಿಗೆ,

ಹುಬ್ಬಾ, ಉತ್ತರಿ ಮಳೆ ಹಿಡಿದುಕೊಂಡವೆಂದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕುರಿಹಟ್ಟಿಗಳಲ್ಲಿ ಮರಿಗಳು ಸಾಯತೊಡಗುತ್ತವೆ. ಸುದ್ದಿ ಒಂದೇ ಧಾಟಿಯಲ್ಲಿ ಬರುತ್ತದೆ: ‘ಜಂತುಹುಳು ಬಾಧೆಯಿಂದ ಮರಿಗಳ ಸಾವು’. ಅದರ ಬೆನ್ನಿಗೇ ಊರಿನ ಎಲ್ಲ ಹಿಂಡುಗಳಿಗೂ ಒಂದೇ ದಿನ, ಒಂದೇ ಔಷಧಿ ಕುಡಿಸುವ ಕೆಲಸ ನಡೆಯುತ್ತದೆ. ಸತ್ತ ಮರಿಯ ಹೊಟ್ಟೆ ಕೊಯ್ದು ನೋಡುವುದು, ಬದುಕಿರುವ ಮರಿಗಳ ಹಿಕ್ಕೆಯನ್ನು ಸೂಕ್ಷ್ಮದರ್ಶಕದ ಕೆಳಗಿಡುವುದು ಮಾತ್ರ ಬಹಳ ಕಡೆ ಆಗುವುದೇ ಇಲ್ಲ. ಹೀಗಾಗಿ ಹುಳದಿಂದ ಸೊರಗಿದ ಮರಿಗೆ ನಾಟದ ಔಷಧಿ ಬೀಳುತ್ತದೆ. ಬೇರೆ ಕಾರಣಕ್ಕೆ ಸಾಯುತ್ತಿರುವ ಮರಿಗೂ ಅದೇ ಔಷಧಿಯೇ ಗತಿ.

ಕೊಲ್ಲುವ ಹುಳ ಯಾವುದು ಎಂಬಲ್ಲೇ ಮೊದಲ ತಪ್ಪು. ಹಿಕ್ಕೆಯ ಮೇಲೆ ಬಿಳಿ ಅಕ್ಕಿಕಾಳಿನಂಥ ತುಣುಕು ಕಂಡರೆ ಕುರಿಗಾಹಿಗಳು ಗಾಬರಿಬಿದ್ದು ಔಷಧಿ ಅಂಗಡಿಗೆ ಓಡುತ್ತಾರೆ. ಅದು ಮೊನೀಜಿಯಾ ಎಂಬ ಲಾಡಿಹುಳು. ಮರಿಯ ಬೆಳವಣಿಗೆಗೆ ಅಷ್ಟಿಷ್ಟು ಅಡ್ಡಿ ಮಾಡೀತು, ಹಿಂಡು ಖಾಲಿ ಮಾಡುವ ಹುಳ ಅದಲ್ಲ. ಹಿಂಡು ಖಾಲಿ ಮಾಡುವ ಹೀಮಾಂಕಸ್ ಹಿಕ್ಕೆಯಲ್ಲಿ ಬರಿಗಣ್ಣಿಗೆ ಸಿಗುವುದೇ ಇಲ್ಲ. ಅದು ಕುರಿಯ ನಾಲ್ಕನೇ ಹೊಟ್ಟೆಯ ಒಳಪದರಕ್ಕೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಉದ್ದ ಎರಡರಿಂದ ಮೂರು ಸೆಂ.ಮೀ. ಹೆಣ್ಣುಹುಳದ ರಕ್ತ ತುಂಬಿದ ಕೆಂಪು ಕರುಳಿಗೆ ಬಿಳಿ ಗರ್ಭನಾಳ ಸುತ್ತಿಕೊಂಡು ಎರಡು ಬಣ್ಣದ ಎಳೆ ಹೊಸೆದ ಹುರಿಯಂತೆ ಕಾಣುತ್ತದೆ.

ಒಂದು ಹುಳದಿಂದ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ನಷ್ಟ. ಸಾವಿರ ಹುಳವಿದ್ದರೆ 50 ಮಿ.ಲೀ. ಹತ್ತು ಕೆ.ಜಿ. ಮರಿಯ ಮೈಯಲ್ಲಿರುವ ಒಟ್ಟು ರಕ್ತವೇ 600ರಿಂದ 700 ಮಿ.ಲೀ. ಎರಡು ವಾರದಲ್ಲಿ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬಹುದು. ಇದರಲ್ಲಿ ಭೇದಿ ಸಾಮಾನ್ಯವಾಗಿ ಇರುವುದಿಲ್ಲ, ಹಿಕ್ಕೆ ಗಟ್ಟಿಯಾಗಿಯೇ ಬೀಳುತ್ತದೆ. ‘ಹೊಟ್ಟೆ ಸರಿ ಐತಿ, ಹುಳ ಇರಾಕಿಲ್ಲ’ ಎಂದು ಜನ ಮೋಸಹೋಗುವುದು ಇಲ್ಲಿಯೇ. ಕಣ್ಣಿನ ರೆಪ್ಪೆಯ ಒಳಗು, ವಸಡು ಬಿಳಿಚುತ್ತವೆ. ಮರಿ ಹಿಂಡಿನ ಹಿಂದೆ ಬೀಳುತ್ತದೆ. ಗದ್ದದ ಕೆಳಗೆ ನೀರು ತುಂಬಿ ಜೋತಾಡುತ್ತದೆ. ಇಡೀ ದಿನ ತಲೆ ತಗ್ಗಿಸಿ ಮೇಯ್ದ ಮೇಲೆ ಸಂಜೆ ಈ ಬಾವು ದೊಡ್ಡದಾಗಿ ಕಂಡು, ಬೆಳಿಗ್ಗೆ ಹೊತ್ತಿಗೆ ಇಳಿದಿರುತ್ತದೆ. ಆದ್ದರಿಂದ ಹಟ್ಟಿಗೆ ವಾಪಸು ಬರುವ ಹೊತ್ತಿನಲ್ಲಿ ಗದ್ದ ಮುಟ್ಟಿ ನೋಡಬೇಕು.

ಒಂದು ಹೆಣ್ಣುಹುಳ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಹಿಕ್ಕೆಯೊಂದಿಗೆ ನೆಲಕ್ಕೆ ಬಿದ್ದ ಮೊಟ್ಟೆ, ಬಿಸಿ ಮತ್ತು ತೇವ ಎರಡೂ ಸಿಕ್ಕರೆ, ಐದರಿಂದ ಏಳು ದಿನಗಳಲ್ಲಿ ಸೋಂಕು ಹಚ್ಚುವ ಮರಿಹುಳವಾಗುತ್ತದೆ. ಇಬ್ಬನಿ ಹಿಡಿದು ಹುಲ್ಲಿನ ಎಸಳು ಏರುತ್ತದೆ, ಬಹುಪಾಲು ಬುಡದಿಂದ ಐದು ಸೆಂ.ಮೀ. ಒಳಗೇ ಇರುತ್ತದೆ. ಕುರಿ ಅದನ್ನು ನುಂಗಿದ ಮೂರು ವಾರಕ್ಕೆ ಮತ್ತೆ ಮೊಟ್ಟೆ ಶುರು. ನಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರಿನಲ್ಲಿ. ಆಗಸ್ಟ್‌ನಿಂದ ನವೆಂಬರ್‌ವರೆಗೆ ಕೆರೆಯಂಗಳ, ಹಳ್ಳದ ದಂಡೆ, ನೀರು ನಿಲ್ಲುವ ಎರೆ ಹೊಲದ ಬದುಗಳೆಲ್ಲ ಹುಳದ ಬೀಡು. ಮಸಾರಿ ದಿಬ್ಬಗಳು ಬೇಗ ಆರುವುದರಿಂದ ಅಲ್ಲಿ ಬಾಧೆ ಕಡಿಮೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬಯಲಿನಲ್ಲಿದ್ದ ಮರಿಹುಳಗಳು ಸಾಯುತ್ತವೆ. ಆದರೆ ಒಂದಿಷ್ಟು ಹುಳ ಕುರಿಯ ಹೊಟ್ಟೆಯ ಪದರದೊಳಗೆ ಬೆಳವಣಿಗೆ ನಿಲ್ಲಿಸಿ ಬೇಸಿಗೆ ಕಳೆದು, ಮುಂಗಾರಿಗೆ ಎಚ್ಚರಗೊಳ್ಳುತ್ತವೆ.

ಮರಿ ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಹೀಮಾಂಕಸ್ ಇರುವುದಿಲ್ಲ. ತಾಯಿಯ ಹಿಕ್ಕೆಯಿಂದ ಹೊಲಸಾದ ಹುಲ್ಲು ಅದರ ಬಾಯಿಗೆ ಹೋಗುವುದರಿಂದಲೇ ಬರುತ್ತದೆ. ಈಯುವ ಎರಡು ವಾರ ಮೊದಲಿನಿಂದ ಈದ ಆರೆಂಟು ವಾರದವರೆಗೆ ತಾಯಿಕುರಿಯ ರೋಗನಿರೋಧಕ ಶಕ್ತಿ ಕುಗ್ಗಿ, ಹಿಕ್ಕೆಯಲ್ಲಿ ಮೊಟ್ಟೆಗಳ ಸಂಖ್ಯೆ ಏರುತ್ತದೆ. ಮರಿ ಹುಲ್ಲು ಕಡಿಯಲು ಶುರುಮಾಡುವುದೂ ಅದೇ ಹೊತ್ತಿಗೆ. ಆದ್ದರಿಂದ ಮರಿ ಉಳಿಸಬೇಕೆಂದರೆ ಈಯುವುದಕ್ಕೆ ಎರಡು ಮೂರು ವಾರ ಮೊದಲು ತಾಯಿಗೆ ಕೊಡುವ ಔಷಧಿಯೇ ಮುಖ್ಯ. ಬಹಳ ಮಂದಿ ಇದನ್ನು ಬಿಟ್ಟು ಮರಿ ಸೊರಗಿದ ಮೇಲೆ ಬಾಟಲಿ ಹುಡುಕುತ್ತಾರೆ. ಗಬ್ಬ ನಿಂತ ಮೊದಲ ತಿಂಗಳಲ್ಲಿ ಮಾತ್ರ ಆಲ್ಬೆಂಡಜೋಲ್ ಕೊಡಬಾರದು, ಅಂಗವಿಕಲ ಮರಿ ಹುಟ್ಟುವ ಅಪಾಯವಿದೆ.

ಇನ್ನು ಹುಳದ ಲೆಕ್ಕಕ್ಕೆ ಬರೆದುಕೊಳ್ಳುವ ಬೇರೆ ಸಾವುಗಳು. ಹಿಂಡಿನಲ್ಲೇ ಮೈತುಂಬಿಕೊಂಡ, ಚೆನ್ನಾಗಿ ಹಾಲುಂಡ ಮರಿ ರಾತ್ರಿ ಸರಿಯಿದ್ದು ಬೆಳಿಗ್ಗೆ ಸತ್ತುಬಿದ್ದಿದ್ದರೆ ಹುಳದ ಮೇಲೆ ಅನುಮಾನ ಬೇಡ. ಮೊದಲ ಮಳೆಗೆ ಚಿಗುರಿದ ಹುಲ್ಲನ್ನೋ ಜೋಳದ ಕಾಳನ್ನೋ ಗಡದ್ದಾಗಿ ತಿಂದ ಮರಿಗೆ ಬರುವ ಕರುಳುಬೇನೆ, ಅಂದರೆ ಇ.ಟಿ. ಅದಾಗಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಲಸಿಕೆಯೊಂದೇ ದಾರಿ. ಮುಂಗಾರಿಗೆ ಮೊದಲು ಹಾಕಿಸಿ, ಮೊದಲ ಸಲ ಹಾಕಿಸಿಕೊಂಡ ಮರಿಗೆ ಎರಡು ಮೂರು ವಾರದ ಮೇಲೆ ಮತ್ತೊಮ್ಮೆ ಹಾಕಿಸಬೇಕು. ಎರಡನೆಯದನ್ನು ತಪ್ಪಿಸಿದರೆ ಮೊದಲನೆಯದರ ಬಲ ಬೇಗ ಇಳಿಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಸರ್ಕಾರದ ಸಂಸ್ಥೆಯೇ ಈ ಲಸಿಕೆ ತಯಾರಿಸುತ್ತದೆ, ಪಶು ಆಸ್ಪತ್ರೆಯಲ್ಲಿ ಕೇಳಬೇಕು ಅಷ್ಟೆ.

ಮೂರು ವಾರದಿಂದ ಎರಡು ಮೂರು ತಿಂಗಳೊಳಗಿನ ಮರಿ ಮುಕ್ಕರಿಸಿ ಮುಕ್ಕರಿಸಿ ರಕ್ತ, ಲೋಳೆ ಬೆರೆತ ಭೇದಿ ಮಾಡಿದರೆ ಕಾಕ್ಸಿಡಿಯಾ ಇರಬಹುದು. ಇದು ಹುಳವಲ್ಲ, ಒಂದೇ ಜೀವಕೋಶದ ಪರೋಪಜೀವಿ. ಹುಳದ ಔಷಧಿ ಎಷ್ಟು ಕುಡಿಸಿದರೂ ಇದಕ್ಕೆ ತಾಗುವುದಿಲ್ಲ. ಆಂಪ್ರೋಲಿಯಂ ಅಥವಾ ಸಲ್ಫಾ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ ಬಿಡದೆ ಕೊಡಬೇಕು, ಮರಿದೊಡ್ಡಿಯ ನೆಲ ಒಣಗಿರುವಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಹತ್ತಡಿ ಜಾಗದಲ್ಲಿ ಮೂವತ್ತು ಮರಿ ಕೂಡಿಹಾಕಿ, ಮೇಲೆ ತಾಡಪಾಲು ಹೊದಿಸಿದರೆ ಒಳಗೆ ಆಗುವುದೇ ಇದು. ಮೂಗು ಸುರಿಸಿ, ಬಾಯಿ ಹುಣ್ಣಾಗಿ, ಜ್ವರದೊಂದಿಗೆ ಭೇದಿಯಾದರೆ ಪಿ.ಪಿ.ಆರ್. ಎಂಬ ವೈರಸ್ ರೋಗ ಬಂದಿರಬಹುದು, ಅದರ ದಾರಿಯೇ ಬೇರೆ.

ತುಂಗಭದ್ರಾ ಕಾಲುವೆ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಭಾಗದ ಕಥೆ ಇನ್ನೊಂದು. ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಹಿಂಡುಗಳು ಭತ್ತದ ಕೂಳೆ ಮೇಯಲು ಅಲ್ಲಿಗೆ ಇಳಿಯುತ್ತವೆ. ಕಾಲುವೆಯ ಬಸಿನೀರಿನಲ್ಲಿ, ಗದ್ದೆಯ ಅಂಚಿನಲ್ಲಿ ಬಸವನಹುಳು ಇರುತ್ತದೆ. ಯಕೃತ್ತಿನ ಚಪ್ಪಟೆ ಹುಳ, ಮೊದಲ ಹೊಟ್ಟೆಯ ಆಂಫಿಸ್ಟೋಮ್ ಎರಡೂ ಅದರ ಮೈಯಲ್ಲಿ ಬೆಳೆದು ಹೊರಬಂದು, ಕೂಳೆಯ ಹಸಿ ಬುಡಕ್ಕೆ ಅಂಟಿಕೊಳ್ಳುತ್ತವೆ. ಆಂಫಿಸ್ಟೋಮಿನ ಎಳೆಯ ಹುಳಗಳು ಸಣ್ಣ ಕರುಳಿನ ಶುರುವಿನಲ್ಲೇ ಕಚ್ಚಿಕೊಂಡು ನಾರುವ ನೀರುಭೇದಿ ತರುತ್ತವೆ, ಮರಿಗಳು ಒಂದರ ಹಿಂದೆ ಒಂದು ಬೀಳುತ್ತವೆ. ಎಳೆಯ ಹುಳ ಇನ್ನೂ ಮೊಟ್ಟೆ ಇಡುವುದಿಲ್ಲವಾದ್ದರಿಂದ ಹಿಕ್ಕೆ ಪರೀಕ್ಷೆಯಲ್ಲಿ ‘ಏನೂ ಇಲ್ಲ’ ಎಂದು ಬರುತ್ತದೆ. ಭೇದಿಯನ್ನು ನೀರಲ್ಲಿ ತೊಳೆದು ಸೋಸಿದರೆ ಕಾಳಿನಷ್ಟು ಗುಲಾಬಿ ಹುಳಗಳು ಸಿಗಬಹುದು. ಔಷಧಿ ಆಯ್ಕೆಯೂ ಇಲ್ಲಿ ಬೇರೆ. ಐವರ್‌ಮೆಕ್ಟಿನ್ ಈ ಚಪ್ಪಟೆ ಹುಳಗಳಿಗೆ ಏನೂ ಮಾಡದು. ಆಲ್ಬೆಂಡಜೋಲ್ ಯಕೃತ್ತಿನ ಬಲಿತ ಹುಳಕ್ಕೆ ಮಾತ್ರ, ಅದೂ ಹೆಚ್ಚಿನ ಪ್ರಮಾಣದಲ್ಲಿ. ಆಂಫಿಸ್ಟೋಮ್‌ಗೆ ಆಕ್ಸಿಕ್ಲೋಜನೈಡ್, ಯಕೃತ್ತಿನ ಎಳೆಯ ಹುಳಕ್ಕೆ ಟ್ರೈಕ್ಲಾಬೆಂಡಜೋಲ್. ಬಸವನಹುಳು ಸಾಯಲೆಂದು ಕುಡಿಯುವ ನೀರಿಗೆ ಮೈಲುತುತ್ತ ಹಾಕುವವರು, ಹುಳಕ್ಕೆಂದು ಅದನ್ನೇ ಕುರಿಗೆ ಕುಡಿಸುವವರು ಈಗಲೂ ಇದ್ದಾರೆ. ಕುರಿಗೆ ತಾಮ್ರ ಬಹುಬೇಗ ವಿಷವಾಗುತ್ತದೆ. ಆ ಪದ್ಧತಿ ಬಿಡಬೇಕು.

ಔಷಧಿ ಸರಿಯಾದದ್ದೇ ಆದರೂ ಕುಡಿಸುವ ಕ್ರಮದಲ್ಲಿ ಅರ್ಧ ಕೆಡುತ್ತದೆ. ‘ದೊಡ್ಡದಕ್ಕೆ ಒಂದು ಮುಚ್ಚಳ, ಮರಿಗೆ ಅರ್ಧ ಮುಚ್ಚಳ’ ಎಂಬ ಅಳತೆಯನ್ನು ಮೊದಲು ಬಿಡಬೇಕು. ಶೇ 2.5ರ ಆಲ್ಬೆಂಡಜೋಲ್ ದ್ರಾವಣದ ಒಂದು ಮಿ.ಲೀ.ನಲ್ಲಿ 25 ಮಿ.ಗ್ರಾಂ ಔಷಧಿ ಇರುತ್ತದೆ. ಕೆ.ಜಿ. ತೂಕಕ್ಕೆ 7.5 ಮಿ.ಗ್ರಾಂ ಎಂದರೆ 10 ಕೆ.ಜಿ. ಮರಿಗೆ 3 ಮಿ.ಲೀ., 35 ಕೆ.ಜಿ. ಕುರಿಗೆ ಹತ್ತೂವರೆ ಮಿ.ಲೀ. ಬೇಕು. ಐದಾರು ಮಿ.ಲೀ. ಹಿಡಿಯುವ ಮುಚ್ಚಳದಲ್ಲಿ ಕುಡಿಸಿದ ಕುರಿಗೆ ಅರ್ಧದಷ್ಟೇ ಸಿಕ್ಕಿತು. ಅರ್ಧ ಔಷಧಿಗೆ ಮೆತ್ತನೆ ಹುಳ ಸಾಯುತ್ತದೆ, ಗಟ್ಟಿ ಹುಳ ಉಳಿದು ಅದರ ಸಂತಾನ ಮಾತ್ರ ಬೆಳೆಯುತ್ತದೆ. ಇದಕ್ಕಿಂತ ಗಾಢವಾದ ದ್ರಾವಣಗಳೂ ಅಂಗಡಿಯಲ್ಲಿವೆ, ಆದ್ದರಿಂದ ಬಾಟಲಿಯ ಮೇಲಿನ ಶೇಕಡಾ ಓದದೆ ಸಿರಿಂಜು ತುಂಬಬಾರದು.

ಅಳತೆ ಹೆಚ್ಚಾದರೂ ಕಷ್ಟವೇ. ಕ್ಲೋಸಾಂಟೆಲ್ ಕೆ.ಜಿ.ಗೆ 10 ಮಿ.ಗ್ರಾಂ, ಶೇ 15ರ ದ್ರಾವಣವಾದರೆ 15 ಕೆ.ಜಿ. ಮರಿಗೆ ಒಂದೇ ಮಿ.ಲೀ. ಕಣ್ಣಂದಾಜಿನಲ್ಲಿ ಮೂರು ನಾಲ್ಕು ಮಿ.ಲೀ. ಹೋದರೆ ಮರಿಯ ಕಣ್ಣೇ ಹೋಗಬಹುದು. ಲೆವಾಮಿಸೋಲ್ ಕೂಡ ಹಾಗೆಯೇ, ಕೆ.ಜಿ.ಗೆ 7.5 ಮಿ.ಗ್ರಾಂ ದಾಟಿ ಬಹಳ ಮುಂದೆ ಹೋದರೆ ಜೊಲ್ಲು ಸುರಿಸಿ ನಡುಗುತ್ತದೆ.

ತೂಕಕ್ಕೆ ಸಂತೆಯಲ್ಲಿ ಸಿಗುವ ಕೊಂಡಿ ತಕ್ಕಡಿ, ಒಂದು ಗೋಣಿಚೀಲದ ಜೋಲಿ ಸಾಕು. ಹಿಂಡನ್ನು ಎಳೆಯ ಮರಿ, ಬಲಿತ ಮರಿ, ದೊಡ್ಡ ಕುರಿ ಎಂದು ಮೂರು ಗುಂಪು ಮಾಡಿ, ಒಂದೊಂದು ಗುಂಪಿನಲ್ಲಿ ಎಲ್ಲಕ್ಕಿಂತ ಭಾರದ್ದನ್ನು ತೂಗಿ ಅದರ ಲೆಕ್ಕಕ್ಕೆ ಆ ಗುಂಪಿಗೆಲ್ಲ ಕೊಡುವುದು ರೂಢಿ. ಕ್ಲೋಸಾಂಟೆಲ್, ಲೆವಾಮಿಸೋಲ್‌ನಂಥವನ್ನು ಕೊಡುವಾಗ ಗುಂಪಿನೊಳಗೆ ತೂಕದ ಅಂತರ ಕಡಿಮೆಯಿರಬೇಕು, ಇಲ್ಲವೇ ಒಂದೊಂದನ್ನೇ ತೂಗಬೇಕು. ಬಾಟಲಿ ಚೆನ್ನಾಗಿ ಕುಲುಕಬೇಕು. ಮದ್ದು ತಳಕ್ಕೆ ಇಳಿದಿರುತ್ತದೆ, ಕುಲುಕದಿದ್ದರೆ ಮೊದಲ ಇಪ್ಪತ್ತು ಕುರಿಗೆ ಬಿಳಿನೀರು, ಕೊನೆಯ ಐದಕ್ಕೆ ಗಸಿ. ಮರಿಯನ್ನು ನೆಲದ ಮೇಲೆ ನಿಲ್ಲಿಸಿ, ತಲೆ ನೆಟ್ಟಗೆ ಹಿಡಿದು, ಮುಂದಿನ ಹಲ್ಲಿಗೂ ದವಡೆಹಲ್ಲಿಗೂ ನಡುವಿನ ಖಾಲಿ ಜಾಗದಿಂದ ಸಿರಿಂಜಿನ ತುದಿ ಒಳಹಾಕಿ ನಾಲಗೆಯ ಬುಡದ ಮೇಲೆ ಬಿಡಬೇಕು. ಬಾಯಿಯ ಮುಂಭಾಗದಲ್ಲೇ ಸುರಿದರೆ ಔಷಧಿ ಮೊದಲ ಹೊಟ್ಟೆಗೆ ಬೀಳದೆ ನೇರ ನಾಲ್ಕನೆಯದಕ್ಕೆ ಜಾರಿ, ಬೇಗ ಹೊರಹೋಗಿ ಕೆಲಸ ಕಡಿಮೆ ಮಾಡುವುದುಂಟು. ಮೂತಿಯನ್ನು ಆಕಾಶಕ್ಕೆ ಎತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಮ್ಮಿದ ಕೂಡಲೇ ಬಿಡಬೇಕು. ಔಷಧಿ ಕುಡಿಸಿದ ಎರಡು ಮೂರು ದಿನಕ್ಕೆ ನ್ಯುಮೋನಿಯಾದಲ್ಲಿ ಸತ್ತ ಮರಿಗಳನ್ನೂ ‘ಹುಳ ಜಾಸ್ತಿ ಇತ್ತು’ ಎಂದೇ ಹೂಳಲಾಗುತ್ತಿದೆ.

ಬಿಳಿಚಿದ ಮರಿಯನ್ನು ಓಡಿಸಿ ಹಿಡಿಯಬೇಡಿ. ಮೈಯಲ್ಲಿ ರಕ್ತವಿಲ್ಲದ್ದು ಓಟದಲ್ಲೇ ಕುಸಿದು ಸಾಯುತ್ತದೆ. ಔಷಧಿ ರಕ್ತ ಸೋರುವುದನ್ನು ನಿಲ್ಲಿಸುತ್ತದೆಯೇ ಹೊರತು ಹೋದ ರಕ್ತವನ್ನು ತುಂಬುವುದಿಲ್ಲ. ಅದಕ್ಕೆ ಒಂದೆರಡು ವಾರ ಹಟ್ಟಿಯ ಹತ್ತಿರವೇ ಮೇಯಿಸಿ, ತೊಗರಿಹೊಟ್ಟು, ಶೇಂಗಾ ಹಿಂಡಿ ದಿನಕ್ಕೆ 50 ಗ್ರಾಂನಿಂದ ಶುರುಮಾಡಿ ಕೊಡಬೇಕು.

ಪ್ರತಿ ಕುರಿಗೂ ಔಷಧಿ ಬೇಕೇ? ಬೇಡ. ಹಿಂಡಿನ ಹುಳದಲ್ಲಿ ಶೇ 80ರಷ್ಟು ಇರುವುದು ಶೇ 20ರಿಂದ 30ರಷ್ಟು ಕುರಿಗಳ ಹೊಟ್ಟೆಯಲ್ಲಿ. ಇವನ್ನು ಗುರುತಿಸಲು ದಕ್ಷಿಣ ಆಫ್ರಿಕಾದ ಪಶುವೈದ್ಯರು ರೂಪಿಸಿದ ಫಮಾಚಾ ಎಂಬ ಐದು ಬಣ್ಣದ ಪಟ್ಟಿ ಇದೆ. ಕಣ್ಣಿನ ರೆಪ್ಪೆಯ ಒಳಬಣ್ಣವನ್ನು ಪಟ್ಟಿಗೆ ಹೋಲಿಸಿ, ಕಡುಗೆಂಪಾದರೆ ಒಂದು, ಕಾಗದದ ಬಿಳುಪಾದರೆ ಐದು ಎಂದು ಅಂಕ ಕೊಡುವುದು. ನೋಡುವ ಕ್ರಮ ಹೀಗೆ: ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕಣ್ಣುಗುಡ್ಡೆಯ ಮೇಲೆ ಮುಚ್ಚಿ ಮೆಲ್ಲಗೆ ಒತ್ತಿ, ಇನ್ನೊಂದು ಹೆಬ್ಬೆರಳಿನಿಂದ ಕೆಳಗಿನ ರೆಪ್ಪೆ ಜಗ್ಗಿದರೆ ಒಳಪದರ ಉಬ್ಬಿ ಹೊರಬರುತ್ತದೆ. ಒಂದೆರಡು ಕ್ಷಣದಲ್ಲಿ ನೋಡಿಬಿಡಬೇಕು, ಹಿಡಿದೇ ಇದ್ದರೆ ಕೆಂಪೇರುತ್ತದೆ. ಬಯಲಿನ ಬೆಳಕಿನಲ್ಲಿ, ನಮ್ಮ ನೆರಳು ಬೀಳದಂತೆ, ಎರಡೂ ಕಣ್ಣು ನೋಡಬೇಕು. ದೊಡ್ಡ ಕುರಿಯಲ್ಲಿ ನಾಲ್ಕು, ಐದು ಬಂದವಕ್ಕೆ ಔಷಧಿ. ಮರಿ, ಗಬ್ಬದ ಕುರಿ, ಹಾಲೂಡುವ ಕುರಿಯಾದರೆ ಮೂರಕ್ಕೂ ಕೊಡಬೇಕು. ಮಳೆಗಾಲದಲ್ಲಿ ಹತ್ತರಿಂದ ಹದಿನೈದು ದಿನಕ್ಕೊಮ್ಮೆ ಹೀಗೆ ಕಣ್ಣು ನೋಡಬೇಕು. ನಮ್ಮ ಕಡೆಯ ಧೂಳಿಗೆ ಕಣ್ಣು ಉರಿಗೊಂಡ ಕುರಿ ಬಿಳಿಚಿದ್ದರೂ ಕೆಂಪಾಗಿ ಕಾಣುವುದುಂಟು. ಈ ಪರೀಕ್ಷೆ ರಕ್ತ ಹೀರುವ ಹುಳಕ್ಕಷ್ಟೇ. ಉಣ್ಣೆಹುಳ, ಹೇನು, ಯಕೃತ್ತಿನ ಹುಳದಿಂದಲೂ ಬಿಳಿಚುತ್ತದೆ ಎಂಬುದು ನೆನಪಿರಲಿ. ಔಷಧಿ ಕುಡಿಯದ ಗಟ್ಟಿ ಕುರಿಗಳ ಹೊಟ್ಟೆಯಲ್ಲಿ ಔಷಧಿಗೆ ಬಗ್ಗುವ ಹುಳ ಉಳಿಯುತ್ತದೆ. ಅವು ಹೊಲಕ್ಕೆ ಬಿದ್ದು ಮೊಂಡುಹುಳದೊಂದಿಗೆ ಬೆರೆಯುವುದರಿಂದಲೇ ಔಷಧಿಯ ಆಯುಷ್ಯ ಹೆಚ್ಚುತ್ತದೆ. ಎಲ್ಲಕ್ಕೂ ಒಂದೇ ದಿನ ಕುಡಿಸುವ ಶಿಬಿರಗಳ ಬಗ್ಗೆ ನಮ್ಮ ತಕರಾರು ಇರುವುದು ಇಲ್ಲಿ.

ಔಷಧಿ ನಾಟುತ್ತಿದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯ ಬೇಡ. ಹತ್ತು ಕುರಿಗಳನ್ನು ಗುರುತು ಮಾಡಿ, ಗುದದಿಂದಲೇ ಹಿಕ್ಕೆ ತೆಗೆದು ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೊರಡಿಸಿ ಕಟ್ಟಿ, ತಂಪಿನಲ್ಲಿಟ್ಟು ಅದೇ ದಿನ ಆಸ್ಪತ್ರೆಗೆ ಮುಟ್ಟಿಸಬೇಕು. ಬಿಸಿಲಲ್ಲಿ ಒಂದು ದಿನ ಬಿಟ್ಟರೆ ಮೊಟ್ಟೆ ಒಡೆದು ಲೆಕ್ಕ ತಪ್ಪುತ್ತದೆ. ಅಲ್ಲಿ 3 ಗ್ರಾಂ ಹಿಕ್ಕೆಯನ್ನು 42 ಮಿ.ಲೀ. ಗಾಢ ಉಪ್ಪುನೀರಿನಲ್ಲಿ ಕದಡಿ ಸೋಸಿ, ಮ್ಯಾಕ್‌ಮಾಸ್ಟರ್ ಎಣಿಕೆ ಗಾಜಿನ ಎರಡೂ ಕೋಣೆಯಲ್ಲಿ ಮೊಟ್ಟೆ ಎಣಿಸಿ 50ರಿಂದ ಗುಣಿಸಿದರೆ ಗ್ರಾಂ ಹಿಕ್ಕೆಯ ಮೊಟ್ಟೆ ಸಂಖ್ಯೆ. ಉಪ್ಪುನೀರೆಂದರೆ ಅಡುಗೆ ಉಪ್ಪು ಇನ್ನು ಕರಗದಷ್ಟು, ಲೀಟರ್ ಬಿಸಿನೀರಿಗೆ ಸುಮಾರು 400 ಗ್ರಾಂ. ಔಷಧಿ ಕುಡಿಸಿದ ಹತ್ತರಿಂದ ಹದಿನಾಲ್ಕು ದಿನದ ಮೇಲೆ ಅವೇ ಹತ್ತು ಕುರಿಗಳ ಹಿಕ್ಕೆ ಮತ್ತೆ ನೋಡಬೇಕು. ಸರಾಸರಿ 1,200 ಇದ್ದದ್ದು 60ಕ್ಕಿಂತ ಕೆಳಗಿಳಿದರೆ, ಅಂದರೆ ಶೇ 95ರ ಮೇಲೆ ಕಡಿಮೆಯಾದರೆ ಔಷಧಿ ಕೆಲಸ ಮಾಡುತ್ತಿದೆ. 500ಕ್ಕೆ ನಿಂತರೆ ಆ ಹಿಂಡಿನಲ್ಲಿ ಆ ಔಷಧಿಯ ಕಾಲ ಮುಗಿಯಿತು. ಆಗ ಬದಲಿಸಬೇಕಾದ್ದು ಬಾಟಲಿಯ ಹೆಸರನ್ನಲ್ಲ, ಔಷಧಿಯ ಗುಂಪನ್ನು. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ತಂದರೆ ಹಳೆಯದನ್ನೇ ತಂದಂತೆ, ಎರಡೂ ಒಂದೇ ಗುಂಪು. ಅಮೀನಗಡ, ಕೆರೂರು ಸಂತೆಯಿಂದ ತಂದ ಮರಿಗಳು ಇಂಥ ಮೊಂಡುಹುಳವನ್ನು ಹೊತ್ತು ತರುತ್ತವೆ. ಅವಕ್ಕೆ ಎರಡು ಬೇರೆ ಗುಂಪಿನ ಔಷಧಿ ಕೊಡಿಸಿ, ಎರಡು ದಿನ ಕಟ್ಟಿ ಮೇಯಿಸಿ, ಆ ಹಿಕ್ಕೆಯನ್ನು ತಿಪ್ಪೆಗೆ ಹಾಕಿದ ಮೇಲೆ ಹಿಂಡಿಗೆ ಬಿಡಬೇಕು.

ಸತ್ತ ಮರಿಯನ್ನು ಕೊಯ್ದು ನೋಡುವಾಗ ಒಂದು ಎಚ್ಚರ. ಏಕಾಏಕಿ ಸತ್ತು, ಮೂಗು ಅಥವಾ ಗುದದಿಂದ ಹೆಪ್ಪುಗಟ್ಟದ ಕಪ್ಪುರಕ್ತ ಬಂದಿದ್ದರೆ ಕೊಯ್ಯಲೇಬಾರದು. ಅದು ನೆರಡಿ (ಆಂಥ್ರಾಕ್ಸ್) ಇರಬಹುದು, ಮನುಷ್ಯರಿಗೂ ಹಬ್ಬುತ್ತದೆ. ಮುಟ್ಟದೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ವೈದ್ಯರನ್ನು ಕರೆಸಬೇಕು. ಉಳಿದಂತೆ ಸತ್ತ ಕೆಲವೇ ಗಂಟೆಯೊಳಗೆ ನೋಡಿದರೆ ಮಾತ್ರ ಪ್ರಯೋಜನ, ತಡವಾದರೆ ಹುಳಗಳೂ ಕೊಳೆತು ಕಾಣದಾಗುತ್ತವೆ. ನಾಲ್ಕನೇ ಹೊಟ್ಟೆಯ ಎರಡೂ ತುದಿಯನ್ನು ದಾರದಿಂದ ಕಟ್ಟಿ ಕತ್ತರಿಸಿ, ಬಕೆಟಿನಲ್ಲಿ ಸೀಳಿ ತೊಳೆದು, ನೀರನ್ನು ಎರಡು ಲೀಟರಿಗೆ ತುಂಬಿಸಬೇಕು. ಚೆನ್ನಾಗಿ ಕಲಕುತ್ತ 200 ಮಿ.ಲೀ. ತೆಗೆದು, ಕಪ್ಪು ತಟ್ಟೆಯಲ್ಲಿ ಹುಳ ಎಣಿಸಿ ಹತ್ತರಿಂದ ಗುಣಿಸಬೇಕು. ಮರಿಯಲ್ಲಿ ಸಾವಿರ ದಾಟಿದರೆ ಹುಳದ್ದೇ ಕೆಲಸ ಎನ್ನಬಹುದು. ಐವತ್ತು, ಅರವತ್ತು ಸಿಕ್ಕಿದರೆ ಸಾವಿನ ಕಾರಣ ಬೇರೆ ಕಡೆ ಹುಡುಕಬೇಕು.

ಮೇವಿನ ಮಾತು ಚಿಕ್ಕದು. ಮಳೆಗಾಲದಲ್ಲಿ ಇಬ್ಬನಿ ಆರಿದ ಮೇಲೆ ಹಿಂಡು ಬಿಡುವುದು, ಮರಿಗಳಿಗೆ ದಿಬ್ಬದ ಹುಲ್ಲು, ಜಾಲಿ, ಸುಬಾಬುಲ್‌ನಂಥ ಎತ್ತರದ ಸೊಪ್ಪು ಸಿಗುವಂತೆ ಮಾಡುವುದು. ಹೊಲದಲ್ಲಿ ಕುರಿ ತರುಬಿಸಿ ಎರಡು ಮೂರು ದಿನಕ್ಕೆ ಜಾಗ ಬದಲಿಸುವ ಹಳೆಯ ಪದ್ಧತಿಯಲ್ಲಿ ಮೊಟ್ಟೆ ಒಡೆದು ಸೋಂಕು ಹಚ್ಚುವ ಹೊತ್ತಿಗೆ ಹಿಂಡು ಅಲ್ಲಿರುವುದೇ ಇಲ್ಲ. ಯಾವ ಬಾಟಲಿಗಿಂತಲೂ ಇದು ಹೆಚ್ಚು ಮರಿ ಉಳಿಸಿದೆ ಎಂಬುದು ನಮ್ಮ ಅಭಿಪ್ರಾಯ. ಗೋಮಾಳಗಳು ಕಿರಿದಾಗಿ ಅದೇ ಕೆರೆಯಂಗಳಕ್ಕೆ ತಿಂಗಳಿಗೆರಡು ಸಲ ಮರಳುವಂತಾದ ಕಡೆಗಳಲ್ಲೇ ಬಾಧೆ ಹೆಚ್ಚಿರುವುದು.

ತಾಲ್ಲೂಕು ಪಶು ಆಸ್ಪತ್ರೆಗಳಲ್ಲಿ ವಾರಕ್ಕೆ ಒಂದು ದಿನ, ಸಂತೆಯ ದಿನವೇ ಆದರೆ ಒಳ್ಳೆಯದು, ಹಿಕ್ಕೆ ಎಣಿಕೆಗೆ ಮೀಸಲಿಡಲಿ. ಉಚಿತ ಔಷಧಿ ಹಂಚುವಾಗ ಆ ಊರಿನ ಹತ್ತು ಕುರಿಗಳ ಮೊದಲಿನ ಮತ್ತು ನಂತರದ ಎಣಿಕೆಯನ್ನು ದಾಖಲಿಸಿ, ಯಾವ ಗುಂಪಿನ ಔಷಧಿ ನಾಟಿತು, ಯಾವುದು ನಾಟಲಿಲ್ಲ ಎಂಬುದನ್ನು ಗ್ರಾಮ ಪಂಚಾಯಿತಿಯ ಫಲಕಕ್ಕೆ ಹಚ್ಚಲಿ. ಔಷಧಿಯ ಜೊತೆಗೆ ಹಟ್ಟಿಗೊಂದು ಅಳತೆಯ ಸಿರಿಂಜು, ಊರಿಗೊಂದು ತೂಗುತಕ್ಕಡಿ ಕೊಡಲಿ. ಬಾಟಲಿಗಳ ಖರ್ಚಿನ ಮುಂದೆ ಇದು ಅಲ್ಪ. ಪತ್ರಿಕೆಯ ವರದಿಗಾರರಲ್ಲಿ ನಮ್ಮ ಕೋರಿಕೆ ಇಷ್ಟು: ಮರಿಗಳ ಸಾವಿನ ಸುದ್ದಿ ಬರೆಯುವಾಗ, ಮರಣೋತ್ತರ ಪರೀಕ್ಷೆ ನಡೆಯಿತೇ, ನಡೆದಿದ್ದರೆ ಏನು ಕಂಡಿತು ಎಂಬ ಒಂದು ಸಾಲನ್ನು ದಯವಿಟ್ಟು ಸೇರಿಸಿ.

— ಕುರಿ ಸಾಕಣೆದಾರರು ಮತ್ತು ಪಶುವೈದ್ಯರು,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ